ಕಿವಿ ಮೇಸ್ತ್ರಿ

ಬೆಳಿಗ್ಗೆ ಒಳಕೋಣೆಯಿಂದ ಹೆಂಡತಿ ಏನೋ ಕೇಳಿದಳು; ಅವನು ಬೂಟಿನ ದಾರ ಕಟ್ಟುತ್ತಲೇ "ಆಯ್ತು" ಎಂದ. ಎಂದ ಮೇಲೆ ಒಳಗಿನಿಂದ ಮತ್ತೇನೂ ಬರಲಿಲ್ಲ, ಅಥವಾ ಬಂದದ್ದು ಅವನನ್ನು ಮುಟ್ಟಲಿಲ್ಲ. ಎದ್ದು ನಿಂತವನು ಹೊಸ್ತಿಲ ಬಳಿ ತಡೆದ. ಯಾವುದಕ್ಕೆ ಆಯ್ತು ಅಂದೆ? ಮಾತಿನ ಕೊನೆ ಮೇಲಕ್ಕೆ ಏರಿದ್ದಷ್ಟೇ ಗೊತ್ತಾಗಿತ್ತು. ಮೇಲಕ್ಕೇರಿದರೆ ಪ್ರಶ್ನೆ, ಕೆಳಕ್ಕಿಳಿದರೆ ದೂರು, ಒಂದೇ ಸಮ ಹೋದರೆ ಬೇರೆ ಯಾರದೋ ಮನೆಯ ಸುದ್ದಿ. ಪ್ರಶ್ನೆಗೆ "ಆಯ್ತು", ದೂರಿಗೆ "ಹೌದು ಬಿಡು", ಸುದ್ದಿಗೆ "ಹೌದಾ!" ಈಚಿನ ವರ್ಷಗಳಲ್ಲಿ ಅವನು ಸಂಸಾರವನ್ನು ಇಷ್ಟು ಮಾತಿನಲ್ಲೇ ನಡೆಸಿಕೊಂಡು ಬಂದಿದ್ದ. ಗಂಡ ಮೆತ್ತಗಾಗಿದ್ದಾರೆ, ಮೊದಲಿನ ಹಾಗೆ ವಾದಕ್ಕೆ ನಿಲ್ಲುವುದಿಲ್ಲ ಎಂದು ಹೆಂಡತಿ ತನ್ನ ತಂಗಿಯ ಮುಂದೆ ಹೊಗಳಿದ್ದಳಂತೆ. ಆ ಹೊಗಳಿಕೆ ನೆನಪಾದಾಗಲೆಲ್ಲ ಯಾರದೋ ಅಂಗಿ ತೊಟ್ಟುಕೊಂಡು ತಿರುಗುತ್ತಿರುವ ಹಾಗೆ ಅವನಿಗೆ ಮೈಯೆಲ್ಲ ಬಿಗಿಯುತ್ತಿತ್ತು. ಒಳಗೆ ಹೋಗಿ ಅವಳ ಮುಖ ನೋಡಿ ಬರೋಣವೇ? ಮುಖ ನೋಡಿದರೆ ಅರ್ಧ ತಿಳಿಯುತ್ತದೆ. ಆದರೆ ಬೂಟು ಕಟ್ಟಿಯಾಗಿತ್ತು. ಹಾಗೇ ಹೊರಟ.

ಗ್ಯಾರೇಜು ಟೈರ್ ಅಂಗಡಿಗೂ ಬೀಗ ಹಾಕಿದ ಒಂದು ಗೋದಾಮಿಗೂ ನಡುವೆ ಸಿಕ್ಕಿಕೊಂಡಂತಿದ್ದ ತಗಡಿನ ಶೆಡ್ಡು. ನೆಲಕ್ಕೆ ಎಷ್ಟು ವರ್ಷದ ಎಣ್ಣೆ ಇಳಿದಿತ್ತೆಂದರೆ ಗುಡಿಸಿದರೆ ಧೂಳು ಏಳುವ ಬದಲು ಮಿರುಗುತ್ತಿತ್ತು. ಬೋರ್ಡಿನ ಮೇಲೆ ಬೇರೇನೋ ಹೆಸರಿದ್ದರೂ ಊರವರೆಲ್ಲ ಕರೆಯುತ್ತಿದ್ದದ್ದು ಕಿವಿ ಮೇಸ್ತ್ರಿ ಗ್ಯಾರೇಜು ಅಂತಲೇ. ಕೆಲಸ ಕಲಿಸಿದ ಯಜಮಾನ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಹಚ್ಚಿ, ಹಿಡಿಯನ್ನು ಅವನ ಕಿವಿಗೆ ಒತ್ತಿ, "ಏನಂತೆ ಅದಕ್ಕೆ?" ಎಂದು ಕೇಳುತ್ತಿದ್ದ, ಮಗು ಯಾಕೆ ಅಳುತ್ತಿದೆ ಎಂದು ತಾಯಿಯನ್ನು ಕೇಳುವ ಹಾಗೆ. ಅವನು ಹೇಳುತ್ತಿದ್ದ. ಎರಡನೆಯ ವಾಲ್ವು ಸಡಿಲ. ನೀರಿನ ಪಂಪಿನ ಬೇರಿಂಗು ಒಣಗಿದೆ. ಆಮೇಲಾಮೇಲೆ ಸ್ಕ್ರೂಡ್ರೈವರೂ ಬೇಡವಾಯಿತು. ಗಾಡಿ ತಿರುವಿನಲ್ಲಿ ಇನ್ನೂ ಕಾಣಿಸುವ ಮೊದಲೇ ಅದರ ರೋಗ ಹೇಳಿ ಟೈರ್ ಅಂಗಡಿಯವನೊಡನೆ ಟೀಗೆ ಪಂಥ ಕಟ್ಟಿ ಗೆಲ್ಲುತ್ತಿದ್ದ. ಯಾವತ್ತು ಶುರುವಾಯಿತು ಅದು? ಒಂದು ದಿನ ಎಂದು ಇರಲಿಲ್ಲ. ಮೊದಲು ಹೋದದ್ದು ಸಣ್ಣ ಸದ್ದುಗಳು, ಮೊನಚು ಸದ್ದುಗಳು. ಕಾರಿನ ಇಂಡಿಕೇಟರಿನ ಟಿಕ್ ಟಿಕ್ ಹೋದದ್ದು ಅವನಿಗೆ ಗೊತ್ತಾದದ್ದು, ಗಿರಾಕಿಯೊಬ್ಬನ ಕಾರನ್ನು ಪರೀಕ್ಷೆಗೆ ಒಯ್ದಾಗ ಬಲಗಡೆಯ ದೀಪ ಮಿನುಗಿಸಿಕೊಂಡೇ ಇಡೀ ಪೇಟೆಬೀದಿ ನೇರವಾಗಿ ಹೋಗಿ, ಹಿಂದಿನಿಂದ ಬಂದ ಬೈಕಿನವನು ಅಡ್ಡ ನಿಲ್ಲಿಸಿ, "ಏನ್ ತಾತ, ತಿರುಗ್ತೀಯೋ ಇಲ್ಲ ಸುಮ್ನೆ ಕಣ್ಣು ಹೊಡಿತಿದೀಯೋ?" ಎಂದು ಕೂಗಿದಾಗ. ರಸ್ತೆಯವರೆಲ್ಲ ನಕ್ಕರು. ಅವನೂ ನಕ್ಕ. ಅವತ್ತಿನಿಂದ ಕಾರುಗಳನ್ನು ಸುತ್ತು ಹೊಡೆಸಿ ತರುವ ಕೆಲಸ ಮಗಳದಾಯಿತು. ಮೊಣಕಾಲು ನೋವು ಎಂದು ಹೇಳಿದ್ದ.

ಮಗಳು ಆಗಲೇ ಬಂದು ಷಟರ್ ಎತ್ತಿದ್ದಳು. ಅವಳು ಕೆಲಸಕ್ಕಿದ್ದ ಕಾರ್ಖಾನೆ ಮುಚ್ಚಿದ ಮೇಲೆ, ಬೇರೆ ಸಿಗುವವರೆಗೆ ಎಂದು ಬಂದವಳು ಇಲ್ಲೇ ಉಳಿದುಬಿಟ್ಟಿದ್ದಳು. ಕೈ ಚುರುಕು. ಆದರೆ ಅವಳದೊಂದು ಚಾಳಿ ಅವನಿಗೆ ಹಿಡಿಸುತ್ತಿರಲಿಲ್ಲ: ಗಿರಾಕಿ ಏನು ಹೇಳಿದರೂ ಗಿಣಿಯ ಹಾಗೆ ಅದನ್ನೇ ಗಟ್ಟಿಯಾಗಿ ತಿರುಗಿ ಹೇಳುವುದು. "ಓ, ಬೆಳಿಗ್ಗೆ ಸ್ಟಾರ್ಟ್ ಮಾಡೋವಾಗ ಮಾತ್ರ ಹೊಗೆ ಬರತ್ತಾ ಸರ್?" "ಎರಡನೇ ಗೇರಲ್ಲಿ ಕಿರುಗುಟ್ಟತ್ತೆ ಅಂತೀರಾ?" ಜೊತೆಗೆ, ಯಾರಾದರೂ ಮಾತಾಡಲು ಬಂದರೆ ಸಾಕು, ಹೋಗಿ ದಡದಡ ಎನ್ನುವ ಕಂಪ್ರೆಸರ್ ಆರಿಸಿಬಿಡುತ್ತಿದ್ದಳು. ಗಾಳಿ ತುಂಬುವ ಕೆಲಸ ಅರ್ಧಕ್ಕೆ ನಿಲ್ಲುತ್ತಿತ್ತು. "ನಿಂಗೆ ಒಂದ್ಸಲ ಹೇಳಿದ್ರೆ ತಲೆಗೆ ಹೋಗಲ್ವೇನೇ?" ಎಂದು ಅವನು ಗಿರಾಕಿಯ ಎದುರಿಗೇ ರೇಗಿದ್ದ ಒಂದು ಸಲ. ಅವಳು ಕೈ ಒರೆಸಿಕೊಳ್ಳುತ್ತ, "ಇಲ್ಲ ಅಪ್ಪ, ನಾನು ಸ್ವಲ್ಪ ದಡ್ಡಿ" ಎಂದಿದ್ದಳು. ಇವತ್ತು ಅವಳು ಒಂದು ವ್ಯಾನಿನ ಕೆಳಗೆ ಮಲಗಿ ಹಳೆಯ ಆಯಿಲ್ ಇಳಿಸುತ್ತಿದ್ದಳು, ಕಾಲೆರಡೇ ಕಾಣುತ್ತಿದ್ದವು. ಬೆಳಿಗ್ಗೆ ಅಮ್ಮ ಏನು ಕೇಳಿದಳು ಎಂದು ಆ ಕಾಲುಗಳನ್ನು ಕೇಳೋಣ ಅನ್ನಿಸಿತು. ಕೇಳಲಿಲ್ಲ.

ಆಗಲೇ ಟೋಯಿಂಗ್ ಗಾಡಿ ಬಂದು ನಿಂತದ್ದು. ಅದರ ಹಿಂದೆ ಮೂತಿ ಎತ್ತಿಕೊಂಡು ನೇತಾಡುತ್ತಿದ್ದ ಕಾರಿನ ಗುರುತು ಅವನಿಗೆ ತಕ್ಷಣ ಸಿಕ್ಕಿತು. ಹಸಿರು ಬಣ್ಣ ಮಾಸಿದ, ಗೇರು ತಾನೇ ಬದಲಿಸಿಕೊಳ್ಳುವ ಹಳೆಯ ಕಾರು. ಲೈಬ್ರರಿ ಮೇಡಂದು. ಕಳೆದ ವಾರವಷ್ಟೇ ಅವನ ಕೈಯಿಂದ ರಿಪೇರಿಯಾಗಿ ಹೋದದ್ದು. ಬಂಪರ್ ಒಳಕ್ಕೆ ಮಡಿಚಿ ಟೈರಿಗೆ ತಾಗಿತ್ತು, ಒಂದು ಹೆಡ್‌ಲೈಟು ಕಣ್ಣು ಕಿತ್ತ ಹಾಗೆ ಬಯಲಾಗಿತ್ತು. ಹಿಂದೆಯೇ ಬಂದ ಇನ್ನೊಂದು ಕಾರಿನಿಂದ ಮೇಡಂ ಮತ್ತು ಅವರ ಮಗ ಇಳಿದರು. ಮೇಡಂ ಕೈಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಿದ್ದರು. ಮಗ ದೊಡ್ಡ ಆಳು. ದೇವರ ದಯೆ, ದೊಡ್ಡ ಗಂಟಲು.

"ಆಸ್ಪತ್ರೆ ಗೇಟಿಗೆ ಗುದ್ದಿದಾರೆ" ಎಂದ ಮಗ. "ಅಪ್ಪನ್ನ ನೋಡೋಕೆ ಹೋಗಿದ್ರು. ದಿನಾ ಹೋಗ್ತಾರಲ್ಲ. ಗೇಟಿನ ಹತ್ರ ನಿಲ್ಸಬೇಕಾದೋರು ಬ್ರೇಕ್ ಒತ್ತೋ ಬದ್ಲು ಆಕ್ಸಿಲರೇಟರ್ ಒತ್ತಿದಾರೆ. ಊರುಗೋಲು ಹಿಡ್ಕೊಂಡು ಹೋಗ್ತಿದ್ದ ಒಬ್ಬರು ಪಕ್ಕಕ್ಕೆ ಹಾರಿ ಬಚಾವಾದ್ರು. ಊರುಗೋಲಿನವರು ಹಾರಿದ್ರು ಅಂದ್ರೆ ನೋಡಿ, ಎಷ್ಟು ಜೋರಾಗಿ ಬಂದಿರ್ಬೇಕು!"

ಮೇಡಂ ಏನೋ ಹೇಳಿದರು. ಕೈಚೀಲದ ಬಾಯಿಗೆ ಹೇಳಿದ ಹಾಗೆ, ತಲೆ ತಗ್ಗಿಸಿ. ಜೀವಮಾನವೆಲ್ಲ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಆಕೆಯ ಸ್ವರವೇ ಅಂಥದ್ದು, ಪಕ್ಕದ ಮೇಜಿನವರಿಗೆ ತೊಂದರೆಯಾಗಬಾರದು ಎನ್ನುವಂಥದ್ದು. ಅವನು ತಲೆಯಾಡಿಸಿದ. ಕಳೆದ ವಾರವೂ ಹೀಗೇ ಆಡಿಸಿದ್ದ. ಸಂಜೆ, ಷಟರ್ ಇಳಿಸುವ ಹೊತ್ತಿಗೆ ಆಕೆ ಒಬ್ಬರೇ ಬಂದಿದ್ದರು, ಮಗಳು ಬಿಡಿಭಾಗ ತರಲು ಪೇಟೆಗೆ ಹೋಗಿದ್ದಳು, ಟೈರ್ ಅಂಗಡಿಯವನು ಅತ್ತ ಸುತ್ತಿಗೆಯಲ್ಲಿ ರಿಮ್ಮು ಕುಟ್ಟುತ್ತಿದ್ದ. ಮೇಡಂ ಕೈ ಮೇಲೆ ಕೆಳಗೆ ಮಾಡಿ ತೋರಿಸಿದ್ದರು, ಎಂಜಿನ್ ಏರುತ್ತದೆ, ಇಳಿಯುತ್ತದೆ, ಏರುತ್ತದೆ ಎಂದು. ಅಷ್ಟು ಅವನಿಗೆ ಕೈಯಿಂದ ತಿಳಿಯಿತು. ಆಮೇಲೂ ಹೇಳುತ್ತಲೇ ಇದ್ದರು. ತುಟಿ ಅಲುಗುತ್ತಿತ್ತು, ಬಲಗಾಲನ್ನು ಒಂದು ಸಲ ತುಸು ಮುಂದೆ ಚಾಚಿ ತೋರಿಸಿದರು ಕೂಡ. ಅವನು ಕೋಲೆ ಬಸವನ ಹಾಗೆ ಗೋಣು ಹಾಕಿ, "ಗೊತ್ತಾಯ್ತು ಮೇಡಂ, ಬಿಡಿ" ಎಂದಿದ್ದ. ಬಾನೆಟ್ ಎತ್ತಿ ಎಂಜಿನ್ ಓಡಿಸಿದಾಗ, ಸ್ಟೇರಿಂಗಿನ ಹಿಂದೆ ಎಂಜಿನ್ನಿನ ವೇಗ ತೋರಿಸುವ ಮುಳ್ಳು ಸಣ್ಣಗೆ ಓಲಾಡಿತು. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಿಚ್ಚಿ ನೋಡಿದ; ಹೊಗೆಗೂಡಿನ ಹಾಗೆ ಕರಿ ಕಟ್ಟಿತ್ತು. ಕಳ್ಳ ಸಿಕ್ಕಿದ ಎಂದುಕೊಂಡ. ತೊಳೆದು, ಜೋಡಿಸಿ, ಮತ್ತೆ ಓಡಿಸಿದಾಗ ಮುಳ್ಳು ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತು. ಒಂದು ಸುತ್ತು ಹೋಗಿ ಬರಬೇಕಿತ್ತು. ಮೊದಲಾಗಿದ್ದರೆ ಹೋಗದೆ ಬಿಡುತ್ತಿರಲಿಲ್ಲ. ಪೇಟೆಬೀದಿ ನೆನಪಾಯಿತು, ಬೈಕಿನವನ ಬಾಯಿ ನೆನಪಾಯಿತು. "ಆಗಿದೆ ಮೇಡಂ, ತಗೊಂಡು ಹೋಗಿ" ಎಂದ. ಆಕೆ ನಂಬಿದರು. ಕಿವಿ ಮೇಸ್ತ್ರಿ ಹೇಳಿದ ಮೇಲೆ ಯಾರು ನಂಬುವುದಿಲ್ಲ?

ಮೇಡಂ ತಮ್ಮ ಕಾರಿನ ಹತ್ತಿರ ಹೋಗಿ, ಒಡೆದ ಹೆಡ್‌ಲೈಟಿನ ಅಂಚನ್ನು, ಬಿದ್ದು ಬಂದ ಮಗುವಿನ ಮೊಣಕಾಲು ಮುಟ್ಟುವ ಹಾಗೆ, ಬೆರಳ ತುದಿಯಿಂದ ಮುಟ್ಟುತ್ತ ನಿಂತರು. ಮಗ ಮೇಸ್ತ್ರಿಯ ತೋಳು ಹಿಡಿದು ಪಕ್ಕಕ್ಕೆ ಎಳೆದ. ಬಗ್ಗಿ, ಇಷ್ಟು ಹೊತ್ತು ಇದ್ದ ಗಂಟಲನ್ನೆಲ್ಲ ಮಡಿಚಿ ಒಳಗಿಟ್ಟು, ಗುಟ್ಟಾಗಿ ಏನೋ ಹೇಳತೊಡಗಿದ. ಅವನ ಎಡಗಿವಿಗೆ ಬಿಸಿ ಉಸಿರು ತಾಗಿತು, ಅಷ್ಟೇ. ಮಗನ ಹುಬ್ಬುಗಳು ಕೂಡಿದ್ದವು, ಕಣ್ಣಲ್ಲಿ ಕೇಡಿರಲಿಲ್ಲ, ನಿದ್ದೆಯಿಲ್ಲದ ಕಣ್ಣು. ಅಪ್ಪ ಆಸ್ಪತ್ರೆಯಲ್ಲಿ, ಅಮ್ಮ ಗೇಟಿನಲ್ಲಿ, ನಡುವೆ ಓಡಾಡುತ್ತಿರುವ ಮನುಷ್ಯ. ದುಡ್ಡಿನ ಮಾತೋ? ಅಪ್ಪನ ಕಾಯಿಲೆಯದೋ? ಕೊನೆ ಮೇಲಕ್ಕೆ ಏರಿತು. ಪ್ರಶ್ನೆ. ಅವನು ತಲೆಯಾಡಿಸಿದ. ಮಗನ ಮುಖ ಸಡಿಲವಾಯಿತು. ಅವನ ಕೈ ಕುಲುಕಿ, ತಿರುಗಿ, ಮತ್ತೆ ದೊಡ್ಡ ಗಂಟಲು ತೆಗೆದ.

"ಅಮ್ಮಾ, ಕೇಳ್ದ್ಯಾ? ಮೇಸ್ತ್ರಿಯವ್ರೂ ಅದನ್ನೇ ಹೇಳ್ತಿದಾರೆ. ಕಾರಿನದೇನೂ ತಪ್ಪಿಲ್ವಂತೆ. ಕಾಲು ತಪ್ಪಿದ್ದೇ ಅಂತೆ. ವಯಸ್ಸಾದ್ಮೇಲೆ ಎಲ್ಲರಿಗೂ ಹೀಗಾಗತ್ತಂತೆ. ಇನ್ಮೇಲೆ ಓಡಿಸೋದು ಬೇಡ ಅಂತಿದಾರೆ. ಕಾರು ಮಾರಿಬಿಡೋಣ. ಅಪ್ಪನ್ನ ನೋಡೋಕೆ ಭಾನುವಾರ ನಾನೇ ಕರ್ಕೊಂಡು ಹೋಗ್ತೀನಿ."

ಭಾನುವಾರ, ದಿನಾ ಹೋಗುತ್ತಿದ್ದವರು. ಮೇಡಂ ಹೆಡ್‌ಲೈಟಿನಿಂದ ಕೈ ತೆಗೆದರು. ಅವನತ್ತ ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಡಾಕ್ಟರು ಕೊನೆಗೂ ಕಾಯಿಲೆಯ ಹೆಸರು ಹೇಳಿದಾಗ ನೋಡುವಂಥ ನೋಟ ಅದು, ಒಂದು ಬಗೆಯ ಕೃತಜ್ಞತೆಯೂ ಸೇರಿಕೊಂಡಂಥದ್ದು. ಆಮೇಲೆ ಚೀಲದಿಂದ ಕಾರಿನ ಕೀ ತೆಗೆದು, ಅದರ ದಾರವನ್ನು ಬೆರಳಿಗೆ ಒಂದು ಸುತ್ತು ಸುತ್ತಿ, ಬಿಚ್ಚಿ, ಮಗನ ಅಂಗೈಯಲ್ಲಿಟ್ಟರು. ತುಟಿ ಅಲುಗಿತು. ಸದ್ದು ಬರಲಿಲ್ಲ, ಆದರೆ ಆ ಒಂದು ಮಾತು ತುಟಿಯ ಮೇಲೆ ಹೇಗೆ ಕೂರುತ್ತದೆ ಎಂದು ಈ ಜಗತ್ತಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅವನಿಗೇ. ಆಯ್ತು ಎಂದರು ಆಕೆ.

ವ್ಯಾನಿನ ಕೆಳಗಿನಿಂದ ಮಗಳು ಜಾರಿಕೊಂಡು ಹೊರಬಂದು, ಅಂಗಾತ ಮಲಗಿದ್ದ ಹಾಗೇ ಅವನತ್ತ ಕತ್ತು ಹೊರಳಿಸಿ ನೋಡುತ್ತಿದ್ದಳು. ಕೆನ್ನೆಯ ಮೇಲೆ ಆಯಿಲ್ಲಿನ ಗೀರು. ಅವನು ಸುಮ್ಮನಿದ್ದುಬಿಡಬಹುದಿತ್ತು. ಬಂಪರ್ ನೆಟ್ಟಗೆ ಮಾಡಿ, ಗಾಜು ಹಾಕಿ, ಕಾರು ಮಾರಿ ಹೋದರೆ ಯಾರಿಗೂ ಏನೂ ತಿಳಿಯದು. ನಿಜವಾಗಿ ಆಕೆಯ ಕಾಲೇ ತಪ್ಪಿರಲೂಬಹುದು, ಅಲ್ಲವೇ, ತಪ್ಪುವ ವಯಸ್ಸೇ. ತನಗೆ ಕಿವಿ ಹೋದ ಹಾಗೆ ಆಕೆಗೆ ಕಾಲು. ಹೀಗೆ ಅಂದುಕೊಂಡಾಗ ಒಂದು ಗಳಿಗೆ ಹಾಯೆನಿಸಿತು, ಜೊತೆ ಸಿಕ್ಕಿದ ಹಾಗೆ. ಮರುಗಳಿಗೆಯೇ ಕಳೆದ ವಾರ ಆಕೆ ಬಲಗಾಲು ಮುಂದೆ ಚಾಚಿ ತೋರಿಸಿದ್ದು ಕಣ್ಣಿಗೆ ಕಟ್ಟಿತು. ಕಾಲಿನ ಬಗ್ಗೆ ಏನೋ ಹೇಳಿದ್ದರು. ಗೇಟಿಗೆ ಗುದ್ದುವ ಮೊದಲೇ ಹೇಳಿದ್ದರು. ಏನದು?

"ಒಂದ್ನಿಮಿಷ" ಎಂದ ಅವನು. ಸ್ವರ ತನಗೇ ಗಟ್ಟಿಯೋ ಮೆಲ್ಲಗೋ ತಿಳಿಯಲಿಲ್ಲ. "ಮೇಡಂ, ನಾನು ಹಾಗೆ ಹೇಳಿಲ್ಲ. ನಾನೇನೂ ಹೇಳೇ ಇಲ್ಲ."

ಮಗ ತಿರುಗಿದ. "ಈಗ ತಾನೇ ಕೇಳ್ದೆನಲ್ಲ, ನೀವು ಹೇಳಿದ್ರೆ ಅಮ್ಮ ಕೇಳ್ತಾರೆ, ನಿಮ್ಮ ಹೆಸರಲ್ಲಿ ಹೀಗಂತೀನಿ, ಆಗಬಹುದಾ ಅಂತ? ತಲೆ ಆಡಿಸಿದ್ರಲ್ಲ?"

"ಆಡಿಸ್ದೆ. ನೀವೇನು ಹೇಳಿದ್ರೋ ಕೇಳಿಸ್ಲಿಲ್ಲ. ಅದಕ್ಕೇ ಆಡಿಸ್ದೆ."

"ಕೇಳಿಸ್ದೇ ಹೋದ್ರೆ ಯಾರಾದ್ರೂ ತಲೆ ಆಡಿಸ್ತಾರಾ?"

"ನಾನು ಆಡಿಸ್ತೀನಿ."

ಹೇಳಿಬಿಟ್ಟ. ಬಹಳ ದಿನದಿಂದ ಜಾಮ್ ಆಗಿದ್ದ ನಟ್ಟು ಒಮ್ಮೆಗೇ ಬಿಟ್ಟಾಗ ಕೈ ಜಾರಿ ಬೆರಳು ತರಚುತ್ತದಲ್ಲ, ಹಾಗೆ ಸುಲಭವೂ ಉರಿಯೂ ಒಟ್ಟಿಗೆ. "ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಅರ್ಧ. ಗಟ್ಟಿಯಾಗಿ ಹೇಳಿದ್ರೆ ಸರಿ, ಮೆಲ್ಲಗೆ ಹೇಳಿದ್ರೆ ತುಟಿ ಮಾತ್ರ ಕಾಣತ್ತೆ." ಅತ್ತ ಟೈರ್ ಅಂಗಡಿಯವನು ಸುತ್ತಿಗೆ ನಿಲ್ಲಿಸಿ, ಕಟ್ಟೆಯ ಮೇಲಿನಿಂದ ಇಣುಕಿ, "ಎಲಾ! ಕಿವಿ ಮೇಸ್ತ್ರಿಗೆ ಕಿವಿ ಕೇಳಲ್ವಾ!" ಎಂದು ಹೋ ಎಂದು ನಕ್ಕವನು, ಯಾರೂ ನಗದಿದ್ದುದನ್ನು ಕಂಡು, ನಗುವನ್ನು ಏನು ಮಾಡಬೇಕೆಂದು ತಿಳಿಯದೆ ಕೆಮ್ಮಿ, ಸುತ್ತಿಗೆಯೊಡನೆ ಒಳಗೆ ಹೋದ. ಇದು ಮಾತ್ರ ಸ್ಪಷ್ಟವಾಗಿ ಕೇಳಿಸಿತ್ತು. ಕಿವಿ ಸುಡುತ್ತಿತ್ತು. ಅವನು ಬಟ್ಟೆಯಲ್ಲಿ ಕೈ ಒರೆಸಿಕೊಂಡ, ಒರೆಸಲು ಏನೂ ಇಲ್ಲದಿದ್ದರೂ.

"ಮೇಡಂ, ಕಳೆದ ವಾರ ನೀವು ಹೇಳಿದ್ದೂ ನಂಗೆ ಕೇಳಿಸಿರ್ಲಿಲ್ಲ. ಕೇಳಿಸ್ದೋರ ಹಾಗೆ ನಿಂತಿದ್ದೆ. ಇನ್ನೊಂದ್ಸಲ ಹೇಳ್ತೀರಾ? ಸ್ವಲ್ಪ ಜೋರಾಗಿ."

ಮೇಡಂ ಸುತ್ತ ನೋಡಿದರು, ಯಾರಾದರೂ ಓದುತ್ತ ಕೂತಿದ್ದಾರೇನೋ ಎನ್ನುವ ಹಾಗೆ. ಗಂಟಲು ಸರಿಮಾಡಿಕೊಂಡರು. ಮೊದಲ ಸಲ ಬಂದದ್ದು ಅರ್ಧಕ್ಕೇ ಮುರಿಯಿತು. ಎರಡನೆಯ ಸಲ ಸ್ವರ ಎದ್ದಿತು, ಬಹಳ ವರ್ಷ ತೆಗೆಯದ ಕಿಟಕಿಯ ಹಾಗೆ, ಕಿರುಗುಟ್ಟಿಕೊಂಡು, ಎದ್ದದ್ದೇ ತನ್ನ ಬಲಕ್ಕೆ ತಾನೇ ಬೆಚ್ಚಿದಂತೆ:

"ಬ್ರೇಕ್ ಒತ್ತಿದಾಗ್ಲೇ ಆಗೋದು! ಒತ್ತಿದ ಕೂಡ್ಲೇ ಕಾಲಿನ ಹತ್ರ ಬುಸ್ಸ್ ಅನ್ನತ್ತೆ. ಆಮೇಲೆ ಎಂಜಿನ್ ಕೂಗಾಡತ್ತೆ, ಇಳಿಯತ್ತೆ, ಮತ್ತೆ ಕೂಗಾಡತ್ತೆ. ಕಾಲು ತೆಗೆದ್ರೆ ಸುಮ್ನಾಗತ್ತೆ. ನಾನು ಬ್ರೇಕೇ ಒತ್ತಿದ್ದು! ಗೇಟಲ್ಲೂ ಬ್ರೇಕೇ ಒತ್ತಿದ್ದು! ಎಲ್ಲರಿಗೂ ಹೇಳ್ತಾನೇ ಇದೀನಿ, ಒಬ್ರಾದ್ರೂ ಕೇಳ್ತೀರಾ?"

ಅಮ್ಮ ಕೂಗಿದ್ದನ್ನು ಮಗ ಹುಟ್ಟಿದಂದಿನಿಂದ ಕೇಳಿದ್ದನೋ ಇಲ್ಲವೋ. ಮೇಸ್ತ್ರಿಗೆ ಮಾತ್ರ ತಲೆಯೊಳಗೆ ಒಂದು ದೀಪ ಹತ್ತಿಕೊಂಡ ಹಾಗಾಯಿತು. ಎಷ್ಟು ಸರಳ! ಗ್ಯಾರೇಜಿನಲ್ಲಿ ನಿಂತ ಕಾರಿನ ಬ್ರೇಕನ್ನು ಯಾರು ಒತ್ತುತ್ತಾರೆ? ಸಿಗ್ನಲ್ಲಿನಲ್ಲಿ, ಗೇಟಿನಲ್ಲಿ ಒತ್ತುತ್ತಾರೆ. ಅವನು ಓಡಿಸಿದ್ದು ಕಾಲು ಹೊರಗಿಟ್ಟು, ಬಾನೆಟ್ ಮುಂದೆ ನಿಂತು. ಥ್ರಾಟಲ್ಲಿನ ಕೊಳೆ ನಿಜವಾದ ಕೊಳೆಯೇ, ಆದರೆ ಕಳ್ಳ ಅದಲ್ಲ. ಕಳ್ಳ ಆಗ ಸುಮ್ಮನೆ ಮಲಗಿದ್ದ.

ಕಾರನ್ನು ಇಳಿಸಿ, ಬಂಪರನ್ನು ಟೈರಿನಿಂದ ಬಿಡಿಸಿ, ಚಕ್ರಕ್ಕೆ ಮರದ ತುಂಡು ಕೊಟ್ಟರು. ಕೀಯನ್ನು ಮಗನಿಂದ ಇಸಿದುಕೊಂಡು ಅವನು ಮೇಡಂಗೆ ಕೊಟ್ಟ. "ನೀವೇ ಕೂತ್ಕೊಳ್ಳಿ. ಸಿಗ್ನಲ್ಲಲ್ಲಿ ಹೇಗೆ ನಿಲ್ಲಿಸ್ತೀರೋ ಹಾಗೇ ಮಾಡಿ. ಗೇರ್ ಹಾಕ್ಬೇಡಿ." ಆಕೆ ಕೂತರು, ಸೀಟನ್ನು ಅಷ್ಟು ಮುಂದಕ್ಕೆ ಎಳೆದುಕೊಂಡು, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ. ಎಂಜಿನ್ ಹತ್ತಿತು, ಮುಳ್ಳು ನೆಟ್ಟಗೆ ನಿಂತಿತು. "ಒತ್ತಿ." ಮುಳ್ಳು ಧಿಗ್ಗನೆ ಎದ್ದಿತು. ಇಳಿಯಿತು, ಎದ್ದಿತು, ಹೊಟ್ಟೆಯಿಂದ ಉಸಿರಾಡುವ ಪ್ರಾಣಿಯ ಹಾಗೆ. ಇಡೀ ಕಾರು ನಿಂತಲ್ಲೇ ಅದುರಿತು; ಅದು ಅವನ ಅಂಗೈಗೆ ಬಾಗಿಲ ಮೂಲಕ ಗೊತ್ತಾಯಿತು. "ನೋಡಿ ಸರ್" ಎಂದು ಮಗನನ್ನು ಕರೆದ, "ಬಗ್ಗಿ ಕಾಲು ನೋಡಿ." ಆ ದೊಡ್ಡ ಆಳು ಮಂಡಿಯೂರಿ, ಅಮ್ಮನ ಸೀರೆಯ ಅಂಚಿನ ಕೆಳಗೆ ಇಣುಕಿದ. ಚಪ್ಪಲಿ ಕಳಚಿಟ್ಟ ಸಣ್ಣ ಪಾದ, ಉಗುರಿನವರೆಗೂ ಬಿಳಿಚಿಕೊಂಡು, ಬ್ರೇಕಿನ ಮೇಲೇ ಇತ್ತು. ಬ್ರೇಕಿನ ಮೇಲೆ ಮಾತ್ರ ಇತ್ತು. ಮಗ ಎಷ್ಟು ಹೊತ್ತಾದರೂ ಎದ್ದೇಳಲಿಲ್ಲ.

ಆ ಕಡೆಯ ಬಾಗಿಲಿನಿಂದ ಮಗಳು ತಲೆ ತೂರಿಸಿದ್ದಳು. "ಪೆಡಲ್ ಹಿಂದೆ ಬುಸ್ ಅಂತಿದೆ ಅಪ್ಪಾ! ಚೆನ್ನಾಗಿ ಕೇಳ್ತಿದೆ!" ಎಂದು ಗಟ್ಟಿಯಾಗಿ ಹೇಳಿದಳು. ಅವನಿಗೆ ಕೇಳದು, ಕೇಳಲಿ ಎಂದು ಅವನು ಕಾಯಲೂ ಇಲ್ಲ. ಅಂಗೈ ಹಿಂಭಾಗವನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡು, ಪೆಡಲಿನ ಸರಳು ಎಂಜಿನ್ ಕಡೆಯ ತಗಡಿನ ಗೋಡೆಯೊಳಕ್ಕೆ ಹೋಗುವ ಜಾಗಕ್ಕೆ ಹಿಡಿದ. ತಣ್ಣಗೆ ಒಂದು ಎಳೆ ಗಾಳಿ ಬೆರಳುಗಳ ನಡುವಿನಿಂದ ಒಳಕ್ಕೆ ಹೋಗುತ್ತಿತ್ತು. ಎದ್ದು ಬಾನೆಟ್ ಕಡೆ ಬಂದು, ಕಾಲಿನ ಒತ್ತಿಗೆ ಬಲ ಕೂಡಿಸುವ ಬ್ರೇಕ್ ಬೂಸ್ಟರಿನಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಪೈಪಿಗೆ ಬಟ್ಟೆ ಸುತ್ತಿ ಇಕ್ಕಳದಲ್ಲಿ ಅದುಮಿದ. "ಈಗ ಒತ್ತಿ." ಎತ್ತಿದ ಬಾನೆಟ್ಟಿನ ಸಂದಿಯಿಂದ ಕಾಣುತ್ತಿದ್ದ ಮುಳ್ಳು ಅಲುಗಲಿಲ್ಲ. "ಬಿಡಿ. ಒತ್ತಿ." ಅಲುಗಲಿಲ್ಲ. ಇಕ್ಕಳ ಸಡಿಲಿಸಿದ, ಎದ್ದಿತು. ಅದುಮಿದ, ಕೂತಿತು. ಮುಳ್ಳಿನೊಡನೆ ಅವನು ಹೀಗೆ ಬೇಕಾದ್ದಕ್ಕಿಂತ ಒಂದೆರಡು ಸಲ ಹೆಚ್ಚೇ ಆಟವಾಡಿದ. ಯಾರಿಗೂ ತಲೆಯಾಡಿಸದೆ ತಿಳಿದುಕೊಂಡ ವಿಷಯ ಅದು.

"ಈ ಡಬ್ಬಿಯೊಳಗೆ ಒಂದು ರಬ್ಬರ್ ಪರದೆ ಇರತ್ತೆ" ಎಂದ, ಕರಿಯ ಬೂಸ್ಟರನ್ನು ತಟ್ಟಿ. "ಅದು ಹರಿದಿದೆ. ಬ್ರೇಕ್ ಒತ್ತಿದ್ರೆ ಹರಿದ ಕಡೆಯಿಂದ ಗಾಳಿ ಎಂಜಿನ್ನಿಗೆ ನುಗ್ಗತ್ತೆ, ಅದು ಕುಡಿದೋರ ಹಾಗೆ ಏರಿಳಿಯತ್ತೆ. ಬ್ರೇಕೂ ಕಲ್ಲಿನ ಹಾಗೆ ಗಟ್ಟಿಯಾಗತ್ತೆ. ಗೇರಲ್ಲಿದ್ದಾಗ ಮೇಡಂ ಎಷ್ಟು ಒತ್ತಿದ್ರೂ ಕಾರು ಮುಂದಕ್ಕೇ ಹೋಗೋದು." ಆಮೇಲೆ, ಇಷ್ಟಕ್ಕೆ ನಿಲ್ಲಿಸಬಹುದಿತ್ತು ಎಂದು ಗೊತ್ತಿದ್ದೂ ಹೇಳಿದ: "ಕಳೆದ ವಾರ ಸಣ್ಣದಾಗಿ ಹರಿದಿರ್ಬೇಕು. ಅವತ್ತು ನಿಮ್ಮ ಮಾತು ಕೇಳಿಸ್ಕೊಂಡಿದ್ರೆ ಅವತ್ತೇ ಸಿಕ್ತಿತ್ತು. ನಿಮ್ಮ ಕಾಲು ತಪ್ಪಿಲ್ಲ. ಗೇಟಿಗೆ ಗುದ್ದಿದ್ದು ನಾನು ಮೇಡಂ."

ಮಗ ಎದ್ದು ಮಂಡಿಯ ಎಣ್ಣೆ ಕಲೆ ನೋಡಿಕೊಳ್ಳುತ್ತಿದ್ದ. "ಗೇಟಿನ ಹತ್ರ, ಅಷ್ಟು ಜನರ ಮುಂದೆ ಅಮ್ಮನ ಮೇಲೆ ಹೇಗೆ ಕೂಗಾಡ್ಬಿಟ್ಟೆ..." ಎಂದ, ಯಾರಿಗೆಂದಿಲ್ಲದೆ. ಮೇಡಂ ಕಿಟಕಿಯಿಂದ ಕೈ ಚಾಚಿ ಮಗನ ಮೊಣಕೈ ಹಿಡಿದು ಏನೋ ಹೇಳಿದರು. ಆ ಮಾತು ಮೇಸ್ತ್ರಿಗೆ ಕೇಳಿಸಲಿಲ್ಲ. ಕೇಳಿಸಬೇಕಾದ ಮಾತೂ ಅದಾಗಿರಲಿಲ್ಲ. ಅವನು ಬೆನ್ನು ತಿರುಗಿಸಿ ಇಕ್ಕಳಕ್ಕೆ ಸುತ್ತಿದ ಬಟ್ಟೆ ಬಿಚ್ಚಿದ.

ಅವರು ಹೋದ ಮೇಲೆ ಮಗಳು ಕಂಪ್ರೆಸರ್ ಹಾಕಲು ಹೋದವಳು, ಹಾಕದೆ ನಿಂತಳು. ಅವನು ಅವಳನ್ನು ನೋಡಿದ, ಆ ಸ್ವಿಚ್ಚನ್ನು ನೋಡಿದ, ಗಿಣಿಪಾಠದ ಇಷ್ಟು ದಿನಗಳನ್ನೆಲ್ಲ ಒಂದರ ಹಿಂದೆ ಒಂದು ನೋಡಿದ. ಗಿರಾಕಿ ಬಂದಾಗ ಅವಳು ಯಾವಾಗಲೂ ಬಂದು ನಿಲ್ಲುತ್ತಿದ್ದದ್ದು ಅವನ ಬಲಗಡೆಗೆ. ದಡ್ಡಿ ಎಂದುಕೊಂಡಿದ್ದ. ದಡ್ಡಿ ಎಂದು ಒಪ್ಪಿಕೊಂಡಿದ್ದಳಲ್ಲ, ಆ ಗಿರಾಕಿಯ ಮುಂದೆ, ಕೈ ಒರೆಸಿಕೊಳ್ಳುತ್ತ.

"ಯಾವಾಗಿನಿಂದ ಗೊತ್ತು ನಿಂಗೆ?"

"ಬಂದ ವಾರದಲ್ಲೇ."

"ನಂಗೊಂದು ಮಾತು ಹೇಳೋದಲ್ವೇನೇ?"

"ಹೇಳಿದ್ನಲ್ಲಪ್ಪಾ. ಎಷ್ಟೋ ಸಲ ಹೇಳ್ದೆ. ಕಿವಿ ತೋರಿಸೋಣ ಬಾ ಅಂತ." ಅವಳ ಮುಖದಲ್ಲಿ ನಗು ಬರಲೋ ಬೇಡವೋ ಎಂದು ನಿಂತಿತ್ತು. "ನೀನು ತಲೆ ಆಡಿಸ್ದೆ."

ಇಬ್ಬರೂ ನಕ್ಕರು. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು. ಅದನ್ನು ಎಣ್ಣೆ ಕೈಯಿಂದ ಒರೆಸಿಕೊಂಡು ಕಣ್ಣು ಉರಿಸಿಕೊಂಡ. "ಬೆಳಿಗ್ಗೆ ನಿಮ್ಮಮ್ಮ ಏನು ಕೇಳಿದ್ಳು?" ಎಂದ. "ಹಾಲಿನ ಒಲೆ ಆರಿಸಿದ್ರಾ ಅಂತ. ನೀನು ಆಯ್ತು ಅಂದೆ. ಆರಿಸಿರ್ಲಿಲ್ಲ. ಅಮ್ಮ ಸ್ನಾನಕ್ಕೆ ಹೋದ್ಳು, ನಾನು ಆರಿಸಿ ಸ್ಕೂಟರಲ್ಲಿ ನಿನ್ನ ದಾಟ್ಕೊಂಡು ಬಂದೆ." ಅವಳು ಇದನ್ನು ದೂರಿನ ಹಾಗೆ ಹೇಳಲಿಲ್ಲ, ಸುದ್ದಿಯ ಹಾಗೆ ಹೇಳಿದಳು. ಅದೇ ಹೆಚ್ಚು ತಾಗಿತು. ಸಂಜೆ ಹೆಂಡತಿಗೆ ಹೇಳಬೇಕು. ಗಂಡ ಮೆತ್ತಗಾಗಿರಲಿಲ್ಲ, ಬರೀ ಕೇಳಿಸುತ್ತಿರಲಿಲ್ಲ ಎಂದು ಹೇಗೆ ಹೇಳುವುದು? ಆದರೂ ಹೇಳಬೇಕು, ಮತ್ತು ಅವಳು ಅಳಬಹುದು ಅಥವಾ ಇಷ್ಟು ವರ್ಷದ ಜಗಳವನ್ನೆಲ್ಲ ಬಡ್ಡಿ ಸಮೇತ ಶುರುಮಾಡಬಹುದು. ಸಂಜೆ ಹೇಳಿದಾಗ ಅವಳು ಮಾಡಿದ್ದು ಎರಡೂ. ಆಮೇಲೆ ಊಟಕ್ಕೆ ಬಡಿಸುವಾಗ ಅವನ ಎಡಗಡೆಯಿಂದ ಎದ್ದು ಸುತ್ತಿ ಬಂದು ಬಲಗಡೆಗೆ ಕೂತಳು.

ಹಳೆಯ ಗಾಡಿಗಳನ್ನು ಬಿಚ್ಚಿ ಮಾರುವವನ ಹತ್ತಿರ ಹುಡುಕಿ ಅದೇ ಜಾತಿಯ ಬೂಸ್ಟರೊಂದನ್ನು ಮಗಳು ತಂದಳು. ಇಬ್ಬರೂ ಸೇರಿ ಹಾಕಿದರು, ಮೂತಿ ನೆಟ್ಟಗೆ ಮಾಡಿದರು, ಮಗಳು ಸಾಕೆನ್ನುವಷ್ಟು ಸುತ್ತು ಹೊಡೆದು ಬಂದಳು. ಮೇಡಂ ಬಂದಾಗ ಕೀ ತೆಗೆದುಕೊಂಡರು, ಬಾಗಿಲು ತೆಗೆದರು, ಆದರೆ ಕೂರಲಿಲ್ಲ. "ನೀವೂ ಬನ್ನಿ" ಎಂದರು, ಅವನಿಗಾಗಿ ಎತ್ತಿದ ಸ್ವರದಲ್ಲಿ. "ಆಸ್ಪತ್ರೆವರೆಗೂ ಪಕ್ಕದಲ್ಲಿ ಕೂತಿರಿ." ಅವನು ಎಣ್ಣೆ ಬಟ್ಟೆ ಸೀಟಿಗೆ ತಾಗದ ಹಾಗೆ ಕೆಳಗೊಂದು ಹಾಳೆ ಹಾಸಿಕೊಂಡು ಕೂತ. ಬೂಟು ಕಳಚಿ ಚಪ್ಪಲಿ ಮೆಟ್ಟಿದ್ದ, ಜೇಬಿನಲ್ಲಿ ಸ್ಪ್ಯಾನರ್ ಬಿಟ್ಟರೆ ಏನೂ ಇರಲಿಲ್ಲ.

ಮೇಡಂ ನಿಧಾನ ಓಡಿಸಿದರು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಿರಬೇಕು. ಅವನಿಗೆ ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಮೊದಲ ಸಿಗ್ನಲ್ಲಿಗೆ ಬರುವಾಗ ಇಬ್ಬರ ಕಾಲೂ ಒಟ್ಟಿಗೇ ಒತ್ತಿದವು, ಆಕೆಯದು ಬ್ರೇಕನ್ನು, ಅವನದು ಸುಮ್ಮನೆ ನೆಲವನ್ನು. ಕಾರು ನಿಂತಿತು. ಅವನು ಮುಳ್ಳು ನೋಡಿದ. ಮೇಡಂ ಮುಳ್ಳು ನೋಡಲಿಲ್ಲ; ತಲೆಯನ್ನು ತುಸು ಓರೆ ಮಾಡಿ ಕಾಲ ಕಡೆಗೆ ಕಿವಿಗೊಟ್ಟು ಕೂತಿದ್ದರು. ಬಹಳ ಹೊತ್ತು. ಹಸಿರು ಬಂತು, ಆಕೆ ಇನ್ನೂ ಕೇಳಿಸಿಕೊಳ್ಳುತ್ತಿದ್ದರು. ಅವನು ಒಂದು ಕಾಲದಲ್ಲಿ ಹೀಗೆ ಕೂರುತ್ತಿದ್ದ. ಹೊಟ್ಟೆಕಿಚ್ಚಾಗಬೇಕಿತ್ತು, ಆದದ್ದು ಹೊಟ್ಟೆಕಿಚ್ಚಲ್ಲ. ಮತ್ತೊಂದು ಸಿಗ್ನಲ್ಲು, ಒಂದು ಉಬ್ಬು, ರಸ್ತೆ ದಾಟುತ್ತಿದ್ದ ಹೆಂಗಸೊಬ್ಬಳಿಗಾಗಿ ಒಮ್ಮೆ ಪೂರಾ ನಿಲುಗಡೆ. ಸ್ಟೇರಿಂಗಿನ ಮೇಲೆ ಬಿಳಿಚಿಕೊಂಡಿದ್ದ ಗೆಣ್ಣುಗಳಿಗೆ ಮೆಲ್ಲಗೆ ಬಣ್ಣ ಬಂತು. ಆಸ್ಪತ್ರೆ ಇನ್ನೂ ಎರಡು ಬೀದಿ ಆಚೆ ಇರುವಾಗ ಆಕೆ ದೀಪ ಮಿನುಗಿಸಿ ಕಾರನ್ನು ಬದಿಗೆ ತಂದು ನಿಲ್ಲಿಸಿದರು. ಅವನತ್ತ ತಿರುಗಿ ಏನೋ ಹೇಳಿದರು. ಅಭ್ಯಾಸಬಲದಿಂದ ಅದು ಮತ್ತೆ ಲೈಬ್ರರಿಯ ಸ್ವರ.

ಅವನ ಕುತ್ತಿಗೆ ಆಗಲೇ ಅಲುಗಲು ಶುರುವಾಗಿತ್ತು. ತಡೆದ.

"ಏನಂದ್ರಿ?"

"ಇಳೀರಿ ಅಂದೆ" ಎಂದರು ಮೇಡಂ ಗಟ್ಟಿಯಾಗಿ. "ಇಲ್ಲಿಂದ ನಾನೊಬ್ಳೇ ಹೋಗ್ತೀನಿ."

ಇಳಿದ. ಗ್ಯಾರೇಜಿಗೆ ಒಳ್ಳೆಯ ನಡಿಗೆಯ ದೂರವಿತ್ತು, ಬಿಸಿಲಿತ್ತು, ಬಸ್ಸಿಗೆ ಚಿಲ್ಲರೆ ಇರಲಿಲ್ಲ. ಚಪ್ಪಲಿಗಾಲಲ್ಲಿ ರಸ್ತೆಯ ಬದಿಯಲ್ಲಿ ನಿಂತು ನೋಡಿದ. ತಿರುವಿನಲ್ಲಿ ಒಂದು ಲಾರಿ ಅಡ್ಡ ಬಂತು. ಹಸಿರು ಕಾರಿನ ಹಿಂದಿನ ಕೆಂಪು ದೀಪಗಳು ಹತ್ತಿಕೊಂಡವು. ಕಾರು ಮಿಸುಕದೆ ನಿಂತಿತು. ಲಾರಿ ಪೂರ್ತಿ ಹೋಗುವವರೆಗೆ ನಿಂತಿತ್ತು. ಆಮೇಲೆ ಕೆಂಪು ಆರಿತು, ಕಾರು ತಿರುಗಿ ಹೋಯಿತು.